ಹುಣಸೆ ಸೌದೆಯ ಬಾಣಂತನ

ಸೌದೆ ಒಲೆಯಲ್ಲಿ ಕಾದ ನೀರಿನ ಸುಖ ಗೀಸರ್ ನೀರಿಗೆ ಎಲ್ಲಿಂದ ಬರಬೇಕು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಾತನ್ನು ಮೂವತ್ತು ವರ್ಷ ಊರಿಗೆಲ್ಲ ಸಾರಿಕೊಂಡು ತಿರುಗಿದವಳು ನಾನೇ. ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಹೆಬ್ಬೂರು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದ್ದೇನೆ. ತುಮಕೂರಿನಲ್ಲಿ ಮನೆ ಕಟ್ಟಿಸುವಾಗ ಹಿತ್ತಲಿನ ಮೂಲೆಯಲ್ಲಿ ಹಂಡೆ ಒಲೆ ಬೇಕೇ ಬೇಕು ಎಂದು ಹಟ ಹಿಡಿದು, ಮೇಸ್ತ್ರಿಯ ಕೈಲಿ ನಗಿಸಿಕೊಂಡು ಕಟ್ಟಿಸಿದ್ದೇನೆ. ಅಕ್ಕಪಕ್ಕದ ಮನೆಗಳ ತಾರಸಿಯ ಮೇಲೆಲ್ಲ ಸೋಲಾರ್ ಬಂದ ಮೇಲೂ ನಮ್ಮ ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಎದುರು ಮನೆಯಾಕೆ ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳುತ್ತ ಗೊಣಗಿದರೆ ನನಗೆ ಒಳಗೊಳಗೇ ಖುಷಿ.

ಬಸುರಿ ಮಗಳಿಗೆ ಐದು ತಿಂಗಳು ತುಂಬಿದ ವಾರವೇ ನಾನು ಸೌದೆ ಕೂಡಿಹಾಕಲು ಶುರು ಮಾಡಿದೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ತೊಟ್ಟಿಲು, ಬಟ್ಟೆ, ಬೆಳ್ಳುಳ್ಳಿ, ತುಪ್ಪ ಎಲ್ಲವನ್ನೂ ಅಂಗಡಿಯಿಂದ ತರಬಹುದು. ಸೌದೆಯನ್ನು ಮೊದಲೇ ತಂದು ಒಣಗಿಸಬೇಕು, ಇಲ್ಲದಿದ್ದರೆ ಬಾಣಂತಿಗೆ ಹಬೆಯಾಡುವ ನೀರು ಸಿಗುವುದಿಲ್ಲ. ಕಡಬದ ಹತ್ತಿರ ನನ್ನ ತಮ್ಮನ ಹೊಲದಲ್ಲಿ ಒಂದು ಹಳೇ ಹುಣಸೆಮರದ ಕೊಂಬೆ ಗಾಳಿಗೆ ಮುರಿದು ಬಿದ್ದಿತ್ತು. ಅದನ್ನು ಸೀಳಿಸಿ ಲಗೇಜ್ ಆಟೋದಲ್ಲಿ ತರಿಸಿದೆ. ಹುಣಸೆಯೇ ಆಗಬೇಕು, ಅದರ ಕೆಂಡ ಬೇಗ ಆರುವುದಿಲ್ಲ. ಮೆಟ್ಟಿಲ ಕೆಳಗೆ ಒಟ್ಟಿದ ಆ ರಾಶಿಯನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದೆ. ಒಡವೆ ತೋರಿಸುವ ಹೆಂಗಸರನ್ನು ಆಡಿಕೊಂಡು ನಗುತ್ತಿದ್ದವಳು ನಾನು. ಸೌದೆ ತೋರಿಸುವಾಗ ನನಗೆ ನಾಚಿಕೆಯಾಗಲಿಲ್ಲ.

ಮಗಳು ಕುಣಿಗಲ್ಲಿನ ಸೊಸೆ. ಬೀಗರು ಸ್ಥಿತಿವಂತರು, ಮಾತಿನಲ್ಲಿ ಮರ್ಯಾದಸ್ಥರು. ಬೀಗಿತಿಯ ಮರ್ಯಾದೆಯ ಒಳಗೆ ಒಂದು ಸಣ್ಣ ಸೂಜಿ ಯಾವಾಗಲೂ ಇರುತ್ತದೆ. ಹೆರಿಗೆಯಾಗಿ ನಮ್ಮ ಮನೆಗೆ ಕರೆತಂದ ಎಂಟನೇ ದಿನ ವಿಡಿಯೋ ಕಾಲ್‌ನಲ್ಲಿ ಕೂಸನ್ನು ನೋಡಿ, "ಮೂಗು ಕೆಂಪಾಗೈತಲ್ರೀ. ನಮ್ಮ ದೊಡ್ಡ ಸೊಸೆ ಬಾಣ್ತನದಲ್ಲಿ ಅವ್ರ ಅಮ್ಮ ರೂಮಲ್ಲಿ ಕೆಂಡ ಆರೋಕೆ ಬಿಟ್ಟಿರ್ಲಿಲ್ಲ. ನಿಮಗೆ ಸ್ಕೂಲು, ಪಾಪ, ಪುರುಸೊತ್ತೆಲ್ಲಿ" ಎಂದರು. ನಾನು ಒಂದೂವರೆ ತಿಂಗಳು ರಜೆ ಹಾಕಿ ಕೂತಿದ್ದೆ. ಅದು ಅವರಿಗೂ ಗೊತ್ತಿತ್ತು.

ಕೂಸಿಗೂ ಬಾಣಂತಿಗೂ ನೀರು ಹಾಕಲು ಒಬ್ಬಾಕೆ ಬರುತ್ತಿದ್ದಳು. ನಮ್ಮ ಬಡಾವಣೆಯ ಹಿಂದಿನ ಬೀದಿಯವಳು, ಗಂಡ ಇಲ್ಲ, ಇರುವ ಒಬ್ಬಳೇ ಮಗಳ ಮದುವೆಯಾಗಿ ಆಗಿನ್ನೂ ಕೆಲವು ತಿಂಗಳಾಗಿತ್ತು. ನನಗಿಂತ ಐದಾರು ವರ್ಷ ದೊಡ್ಡವಳು. ಆದರೂ ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ನೀನು ಎನ್ನುತ್ತಿದ್ದೆ. ಆ ಲೆಕ್ಕ ಸರಿಯಿಲ್ಲ ಎಂದು ಇಬ್ಬರಿಗೂ ಆಗ ಅನ್ನಿಸಿರಲಿಲ್ಲ, ಅಥವಾ ನನಗಂತೂ ಅನ್ನಿಸಿರಲಿಲ್ಲ. ಸುತ್ತಲಿನ ನಾಲ್ಕು ಬಡಾವಣೆಗಳಲ್ಲಿ ಎಲ್ಲಿ ಹೆರಿಗೆಯಾದರೂ ಅವಳನ್ನೇ ಕರೆಯುತ್ತಿದ್ದರು. ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅವಳು ನೀರು ಹುಯ್ಯುವಾಗ ಯಾವ ಕೂಸೂ ಹೆಚ್ಚು ಹೊತ್ತು ಅಳುತ್ತಿರಲಿಲ್ಲ. ನೀರಿನ ಹದವನ್ನು ಮೊಣಕೈ ಅದ್ದಿ ನೋಡುತ್ತಿದ್ದಳು. ಒಲೆಗೆ ಯಾವ ಸೀಳು ಮೊದಲು, ಯಾವುದು ಆಮೇಲೆ ಎಂದು ಅವಳೇ ಆರಿಸಿಡುತ್ತಿದ್ದಳು. ನನಗೆ ಆ ಒಲೆಯ ಬಗ್ಗೆ ಬರೀ ಜಂಬ ಇತ್ತು, ಅವಳಿಗೆ ಅದರ ಬಗ್ಗೆ ತಿಳಿದಿತ್ತು.

ಬೀಗಿತಿಯ ಫೋನು ಬಂದ ಮಾರನೇ ದಿನವೇ ನಾನು ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿ ಬಾಣಂತಿಯ ಮಂಚದ ಕೆಳಗೆ ಇಟ್ಟೆ. ಧನುರ್ಮಾಸದ ಚಳಿ, ಬೆಳಗ್ಗೆ ಹತ್ತಾದರೂ ಗೋಡೆ ತಣ್ಣಗೆ ಇರುತ್ತಿತ್ತು. ನೀರು ಹಾಕುವವಳು ಕೂಸನ್ನು ಬಟ್ಟೆಯಲ್ಲಿ ಸುತ್ತುತ್ತ ಬಾಂಡ್ಲಿಯನ್ನು ನೋಡಿದಳು.

"ಸಾಂಬ್ರಾಣಿ ಹೊಗೆ ಆದ್ಮೇಲೆ ಅದ್ನ ಆಚೆ ಮಡಗಿ ಅಕ್ಕ."

"ಯಾಕೆ? ಮಗು ಬೆಚ್ಚಗಿರ್ಲಿ."

"ಈ ಮನೇಲಿ ಗಾಳಿ ಆಡಾಕಿಲ್ಲ ಕಣಕ್ಕ. ಹಳ್ಳಿ ಮನೆ ಬ್ಯಾರೆ. ಮಡಗಲೇಬೇಕು ಅಂದ್ರೆ ಬಾಗ್ಲು ಒಂದೀಟು ತೆಗ್ದಿರ್ಲಿ."

"ನಮ್ಮಮ್ಮ ಐದು ಜನ ಹೆಣ್ಮಕ್ಕಳ ಬಾಣಂತನ ಮಾಡಿದ್ದು ಹಿಂಗೇ. ನೀನು ನಂಗೆ ಹೇಳ್ಕೊಡ್ಬೇಡ" ಎಂದೆ. ಅವಳು ಮತ್ತೆ ಕೂಸನ್ನು ಸುತ್ತತೊಡಗಿದಳು.

ನಮ್ಮಮ್ಮ ಬಾಣಂತನ ಮಾಡಿದ ಮನೆ ನಾಡಹೆಂಚಿನದು. ಮಲಗಿ ಮೇಲೆ ನೋಡಿದರೆ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಬಾಗಿಲ ಹಲಗೆಗಳ ನಡುವೆ ಬೆರಳು ತೂರುತ್ತಿತ್ತು. ಅಲ್ಲಿ ಕೆಂಡ ಇಡದಿದ್ದರೆ ಕೂಸು ಚಳಿಗೆ ಸೆಟೆದುಕೊಳ್ಳುತ್ತಿತ್ತು. ನಾನು ಕಟ್ಟಿಸಿದ್ದು ತಾರಸಿ ಮನೆ. ಕಿಟಕಿಗೆ ಜಾರುವ ಗಾಜು, ಸೊಳ್ಳೆ ಬರದ ಹಾಗೆ ಜಾಲರಿ, ಬಾಗಿಲು ಹಾಕಿದರೆ ಪಕ್ಕದ ರೂಮಿನ ಟೀವಿ ಕೇಳಿಸದಷ್ಟು ಬಿಗಿ. ಅಷ್ಟೂ ಸಾಲದು ಎಂದು ಬಾಗಿಲ ಕೆಳಗಿನ ಸಂದಿಗೆ ನನ್ನದೊಂದು ಹಳೇ ಸೀರೆಯನ್ನು ಮಡಿಸಿ ತುರುಕಿದೆ. ಇನ್ನೊಂದು ವಿಷಯ ಹೇಳಲೇಬೇಕು. ನಾನು ಪಾಠ ಮಾಡುವುದು ವಿಜ್ಞಾನ. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಇಂಗಾಲದ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ನೋಟ್ಸ್ ಬರೆಸಿದ್ದೇನೆ. ನನ್ನ ಮನೆಯಲ್ಲಿ ಮಾತ್ರ ಹೊಗೆಯಾಡದ ಕೆಂಡ ಒಳ್ಳೆಯದು ಎಂದುಕೊಂಡೆ. ಹೊಗೆಯಾಡುವ ಕೊಳ್ಳಿಯನ್ನೆಲ್ಲ ಆರಿಸಿ ತೆಗೆದು, ನಿಗಿನಿಗಿ ಕೆಂಡವನ್ನಷ್ಟೇ ಬಾಂಡ್ಲಿಗೆ ಹಾಕುತ್ತಿದ್ದೆ.

ಮೂರನೇ ದಿನಕ್ಕೆ ಮಗಳು ತಲೆನೋವು ಎಂದಳು. ನಾಲ್ಕನೇ ದಿನ ತಲೆ ಸುತ್ತು, ವಾಕರಿಕೆ. ತಲೆಗೆ ನೀರು ಹಾಕಿಕೊಂಡವಳಿಗೆ ಕೂದಲು ಸರಿಯಾಗಿ ಒಣಗಿಲ್ಲ, ಶೀತಗಾಳಿ ಹೊಕ್ಕಿದೆ ಎಂದು ನಾನೇ ತೀರ್ಮಾನಿಸಿದೆ. ಬಾಣಂತಿಯ ತಲೆನೋವಿಗೆ ನಮ್ಮ ಮನೆತನದಲ್ಲಿ ಇರುವುದು ಒಂದೇ ಕಾರಣ, ಒಂದೇ ಔಷಧಿ. ಹತ್ತಿ ಇಟ್ಟು ಕಿವಿ ಮುಚ್ಚಿದೆ, ಕೆಂಡ ಇನ್ನೂ ಹೆಚ್ಚು ಹಾಕಿದೆ. ಮಗಳು "ಕಿಟಕಿ ಸ್ವಲ್ಪ ತೆಗಿಯಮ್ಮ, ಉಸಿರು ಕಟ್ಟುತ್ತೆ" ಎಂದಾಗ, "ಆಮೇಲೆ ಮುದುಕಿ ಆದಾಗ ಮೈಕೈ ನೋವು ಅಂತ ನನ್ನ ಬೈಕೋತೀಯ" ಎಂದು ಗದರಿಸಿದೆ.

ಐದನೇ ದಿನ ನೀರು ಹಾಕುವವಳು ಒಂಬತ್ತು ಗಂಟೆಗೆ ಕೆಲಸ ಮುಗಿಸಿ ಹೋದಳು. ಹೋಗುವಾಗ ರೂಮಿನ ಬಾಗಿಲನ್ನು ಅರ್ಧ ತೆರೆದಿಟ್ಟು ಹೋಗಿದ್ದಳು. ನಾನು ಬಾಂಡ್ಲಿ ತುಂಬಿ ತಂದಿಟ್ಟು, ತಾಯಿ ಮಗು ಚೆನ್ನಾಗಿ ಬೆವರಿ ಮಲಗಲಿ ಎಂದು ಬಾಗಿಲು ಹಾಕಿಕೊಂಡು ಅಡುಗೆಮನೆಗೆ ಬಂದೆ. ಮೆಣಸು ಜೀರಿಗೆ ಹುರಿದು ಸಾರು ಮಾಡಿದೆ. ಹತ್ತೂವರೆಗೆ ಊಟಕ್ಕೆ ಎಬ್ಬಿಸಲು ಹೋದರೆ ಮಗಳು ಏಳಲಿಲ್ಲ. ಭುಜ ಅಲ್ಲಾಡಿಸಿದೆ, ಕಣ್ಣು ಅರೆ ತೆರೆದು ಮತ್ತೆ ಮುಚ್ಚಿದಳು, ಬಾಯಲ್ಲಿ ಮಾತಿಲ್ಲ. ಕೂಸನ್ನು ಎತ್ತಿದರೆ ಅದರ ತಲೆ ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಆ ಭಾರ ಈಗಲೂ ನನ್ನ ಮೊಣಕೈಯಲ್ಲಿದೆ. ನನ್ನ ಗಂಡ ಮಗಳನ್ನು ಹೊತ್ತು ಹೊರಗೆ ತಂದರು. ಗಾಳಿಗೆ ಬಂದ ಮೇಲೆ ಕೂಸು ಒಮ್ಮೆ ಮುಲುಗಿತು. ಆಟೋದಲ್ಲಿ ಹೋಗುವಾಗ ನಾನು ದೇವರನ್ನು ನೆನೆಯಲಿಲ್ಲ. ಬೀಗಿತಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಇದನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ, ಆದರೆ ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಓಡಿದ್ದು ಅದೇ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ರೂಮಲ್ಲಿ ಏನು ಉರೀತಿತ್ತು?" ಎಂದು. ಇಬ್ಬರಿಗೂ ಆಕ್ಸಿಜನ್ ಹಾಕಿದರು. ಇನ್ನೊಂದು ಅರ್ಧ ಗಂಟೆ ಆಗಿದ್ದರೆ ಎಂದು ಶುರು ಮಾಡಿದ ವಾಕ್ಯವನ್ನು ಅವರು ಪೂರ್ತಿ ಮಾಡಲಿಲ್ಲ. ಸಂಜೆ ಹೊತ್ತಿಗೆ ಮಗಳಿಗೆ ಪೂರ್ತಿ ಎಚ್ಚರವಾಯಿತು, ಕೂಸು ಹಾಲು ಕುಡಿಯಿತು. ಅದರ ನಡುವೆ, ಮಧ್ಯಾಹ್ನವೇ, ಕುಣಿಗಲ್ಲಿನಿಂದ ಬೀಗಿತಿ ಮತ್ತು ಅಳಿಯ ಕಾರಿನಲ್ಲಿ ಬಂದಿಳಿದರು. ಕಾರಿಡಾರಿನಲ್ಲಿ ನಮ್ಮ ಎದುರು ಮನೆಯಾಕೆಯೂ ಇದ್ದಳು. ಬೀಗಿತಿ ಕೂಗಾಡಲಿಲ್ಲ.

"ಯಾರು ಕೆಂಡ ಇಟ್ಟು ಬಾಗಿಲು ಹಾಕಿದ್ದು?" ಎಂದರು.

"ನೀರು ಹಾಕೋಕೆ ಬರ್ತಾಳಲ್ಲ, ಅವಳು ಇಟ್ಟು ಹೋಗಿದಾಳೆ. ನಾನು ಅಡುಗೆಮನೇಲಿದ್ದೆ, ನೋಡ್ಕೊಳ್ಳಲಿಲ್ಲ, ನಂದೂ ತಪ್ಪು" ಎಂದೆ.

ಆ ಕೊನೆಯ ಮಾತನ್ನು ಗಮನಿಸಿ. ಸುಳ್ಳಿಗೆ ಒಂದು ಚೂರು ವಿನಯ ಬೆರೆಸಿದರೆ ಅದು ನಿಜದ ಹಾಗೆ ಕಾಣುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಬಂತು. ನನ್ನ ಗಂಡ ನನ್ನ ಮುಖ ನೋಡಿದರು. ಅವರು ಜೀವಮಾನದಲ್ಲಿ ಮಾತಾಡಬೇಕಾದಾಗ ಮಾತಾಡಿದ್ದನ್ನು ನಾನು ಕಂಡಿಲ್ಲ, ಅದನ್ನು ಒಳ್ಳೆಯ ಗುಣ ಎಂದು ಎಲ್ಲರೂ ಹೊಗಳುತ್ತಾರೆ.

ಮಾರನೇ ದಿನ ಬಟ್ಟೆ ತರಲು ಮನೆಗೆ ಬಂದಿದ್ದೆ. ಏಳು ಗಂಟೆಗೆ ಸರಿಯಾಗಿ ನೀರು ಹಾಕುವವಳು ಗೇಟಿನ ಹತ್ತಿರ ಬಂದು ನಿಂತಳು. ಬೀದಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು, ಅವಳ ಕಿವಿಗೂ ಬಿದ್ದಿರಲೇಬೇಕು. ನಾನು ಗೇಟಿನ ಚಿಲಕ ತೆಗೆಯದೆ, "ಇನ್ನು ನೀನು ಬರೋದು ಬೇಡ" ಎಂದೆ.

"ಕೂಸು ಹೆಂಗೈತೆ ಅಕ್ಕ?"

"ಚೆನ್ನಾಗಿದೆ."

"ಹಾಲು ಕುಡೀತಾ?"

"ಕುಡೀತು."

ಅವಳು ತಲೆ ಆಡಿಸಿ ಹೋದಳು. ಜಗಳ ಮಾಡುತ್ತಾಳೆ ಎಂದು ನಾನು ಎದೆ ಗಟ್ಟಿಮಾಡಿಕೊಂಡು ನಿಂತಿದ್ದೆ. ಅವಳು ಬೀದಿಯಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಬೈದಿದ್ದರೆ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನಲ್ಲಿ ಸುಖವಾಗಿ ಇದ್ದುಬಿಡುತ್ತಿದ್ದೆ. ಅಷ್ಟು ಉಪಕಾರವನ್ನೂ ಅವಳು ಮಾಡಲಿಲ್ಲ.

ಎದುರು ಮನೆಯಾಕೆಗೆ ಬೇರೆ ಕೆಲಸವಿಲ್ಲ. ನೀರು ಹಾಕುವ ಆ ಹೆಂಗಸು ಕೆಂಡ ಇಟ್ಟು ಎಳೇ ಬಾಣಂತಿಯನ್ನು ಸಾಯಿಸುತ್ತಿದ್ದಳಂತೆ ಎಂಬ ಮಾತು ನಾಲ್ಕೂ ಬಡಾವಣೆಗೆ ತಲುಪಲು ನಾಲ್ಕು ದಿನ ಸಾಕಾಯಿತು. ಯಾರೂ ಅವಳನ್ನು ಕರೆಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬಾಡಿಗೆ ಮನೆ ಬಿಟ್ಟು ಗುಬ್ಬಿಯಲ್ಲಿ ಅಣ್ಣನ ಮನೆಗೆ ಹೋದಳು ಎಂದು ತರಕಾರಿಯವಳು ಹೇಳಿದಳು. ನಾನು ಹೀರೇಕಾಯಿ ಆರಿಸುತ್ತ, ಹೌದಾ, ಎಂದೆ. ಅಷ್ಟೇ ಎಂದದ್ದು. ಅವಳು ಕಣ್ಣ ಮುಂದಿಲ್ಲ ಎಂದು ಒಂದು ಕ್ಷಣ ಹಾಯೆನಿಸಿತು ಕೂಡ.

ಎರಡು ವರ್ಷದ ಮೇಲೆ ಮಗಳು ಮತ್ತೆ ಬಸುರಿ. ನಾನು ಬಾಣಂತನಕ್ಕೆ ನಮ್ಮಲ್ಲಿಗೇ ಬಾ ಎಂದು ಫೋನಿನಲ್ಲಿ ಹೇಳಿದೆ. ಗೀಸರ್ ಹಾಕಿಸಿದ್ದೀನಿ, ಕೆಂಡ ಗಿಂಡ ಏನೂ ಇಲ್ಲ ಎಂದೂ ಹೇಳಿದೆ.

"ಬರ್ತೀನಮ್ಮ. ಆದ್ರೆ ನೀರು ಹಾಕೋಕೆ ಅವರೇ ಬರ್ಬೇಕು. ಅವರು ಬರಲ್ಲ ಅಂದ್ರೆ ನಾನೂ ಬರಲ್ಲ."

"ಯಾರು?"

"ಯಾರು ಅಂತ ನಿಂಗೊತ್ತು."

ಅವಳಿಗೆ ನಿಜ ಗೊತ್ತಿದೆ ಎಂದು ಆಗ ತಿಳಿಯಿತು. ಗೊತ್ತಿರದೆ ಏನು? ಆ ರೂಮಿನಲ್ಲಿ ಮಲಗಿದ್ದವಳು ಅವಳೇ. ಬಾಗಿಲು ಹಾಕಿದ್ದು ಯಾರು ಎಂದು ನೋಡಿದವಳು ಅವಳೇ. ನಾನು ಹೇಳಿದ ಸುಳ್ಳು ಅವಳವರೆಗೆ ಹೋಗಿಲ್ಲ ಎಂದು ಎರಡು ವರ್ಷ ನಂಬಿಕೊಂಡಿದ್ದೆ, ಅಷ್ಟೇ.

ಒಂದು ಭಾನುವಾರ ಬೆಳಗ್ಗೆ ಗುಬ್ಬಿ ಬಸ್ಸು ಹತ್ತಿದೆ. ವಿಚಾರಿಸುತ್ತ ಹೋದರೆ ಅವಳು ಒಂದು ಕೊಬ್ಬರಿ ಮಂಡಿಯ ಹಿಂದೆ, ತಗಡಿನ ನೆರಳಲ್ಲಿ, ಕೊಬ್ಬರಿ ಬಿಡಿಸಿದ ಚಿಪ್ಪುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಇದ್ದಿಲು ಸುಡುವವರು ಬಂದು ಅವನ್ನು ಒಯ್ಯುತ್ತಾರಂತೆ. ಸಣ್ಣಗಾಗಿದ್ದಳು. ಬೆರಳ ತುದಿಗಳು ಕಪ್ಪಾಗಿ ಒಡೆದಿದ್ದವು. ಎಳೇ ಕೂಸಿನ ಮೈ ಮುಟ್ಟುವ ಕೈ ಎಂದು ಉಗುರು ಒಂದಿಷ್ಟೂ ಬೆಳೆಸದವಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಕೂತುಕೊಳ್ಳಿ ಎಂದು ಒಂದು ಚೀಲದ ಮೇಲಿನ ಧೂಳು ಒದರಿದಳು.

"ಮಗಳು ಎರಡನೇ ಬಾಣಂತನಕ್ಕೆ ಬರ್ತಾಳೆ. ನೀನೇ ಬರ್ಬೇಕು ಅಂತಾಳೆ" ಎಂದೆ.

"ಯಾಕಕ್ಕ, ನಾನು ಕೆಂಡ ಮಡಗಿ ಸಾಯಿಸೋಳಲ್ವಾ."

ಉತ್ತರ ತಯಾರು ಮಾಡಿಕೊಂಡೇ ಬಂದಿದ್ದೆ. ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿ ಹೇಳಿ ನೋಡಿಕೊಂಡ ಮಾತೆಲ್ಲ ಮರೆತು, "ತಪ್ಪಾಯ್ತು, ನಂದೇ ತಪ್ಪು" ಎಂದಷ್ಟೇ ಬಾಯಿಗೆ ಬಂತು.

"ಅದ್ನ ನಂಗೆ ಹೇಳಿ ಏನಕ್ಕ? ನಂಗೆ ಗೊತ್ತಿರೋದೇ. ಯಾರ್ಗೆ ಸುಳ್ಳು ಹೇಳಿದ್ರೋ ಅವ್ರಿಗೆ ಹೇಳಿ. ನಿಮ್ಮ ಬೀಗ್ತಿಗೆ ಹೇಳಿ, ನಾನು ಕೇಳಿಸ್ಕೊಂತೀನಿ."

ನಾನು ಫೋನು ತೆಗೆದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ ಈಗ ಹೋಗುತ್ತದೆ ಎಂದು ನಿಜಕ್ಕೂ ಹೆದರಿದೆ. ಸ್ಪೀಕರ್ ಒತ್ತಿದೆ. ಬೀಗಿತಿ ಎತ್ತಿದರು, ಊಟ ಆಯ್ತಾ ಎಂದು ವಿಚಾರಿಸಿದರು. ನಾನು ಒಂದೇ ಉಸಿರಿಗೆ ಹೇಳಿದೆ: ಅವತ್ತು ಕೆಂಡ ಇಟ್ಟು ಬಾಗಿಲು ಹಾಕಿದ್ದು ನಾನು, ಅವಳು ಬೇಡ ಅಂದಿದ್ದಳು, ನಾನು ನಿಮಗೆ ಸುಳ್ಳು ಹೇಳಿದೆ.

ಅಲ್ಲಿಂದ ಬಂದದ್ದು ಒಂದು ಸಣ್ಣ ನಗು.

"ಅಯ್ಯೋ, ಅದು ನಮಗೆ ಅವತ್ತು ಸಂಜೇನೇ ಗೊತ್ತಾಯ್ತಲ್ರೀ. ನಿಮ್ಮ ಮಗಳು ಎಚ್ಚರ ಆದ ತಕ್ಷಣ ಅವಳ ಗಂಡನ ಹತ್ರ ಹೇಳಿದ್ಳು. ಬೀಗರ ಮರ್ಯಾದೆ ನಾವ್ಯಾಕೆ ಕಳೀಬೇಕು ಅಂತ ಎಲ್ರೂ ಸುಮ್ನಿದ್ವಿ. ಆ ಕೆಲಸದವಳಿಗೇನು ಬಿಡಿ, ಒಂದು ಮನೆ ಇಲ್ಲ ಅಂದ್ರೆ ಇನ್ನೊಂದು ಮನೆ ಇರುತ್ತೆ. ಈಗ ಯಾಕೆ ಅದೆಲ್ಲ?"

ನಾನು ಫೋನು ಕಟ್ ಮಾಡಿದೆ. ಬೀಗಿತಿಗೆ ಗೊತ್ತಿತ್ತು, ಅಳಿಯನಿಗೆ ಗೊತ್ತಿತ್ತು, ಮಗಳಿಗೆ, ನನ್ನ ಗಂಡನಿಗೆ ಗೊತ್ತಿತ್ತು. ಎರಡು ವರ್ಷ ಹಬ್ಬ ಹರಿದಿನಕ್ಕೆ ಹೋಗಿ ಬಂದು, ಎದುರೆದುರು ಕೂತು ಹೋಳಿಗೆ ತಿಂದಿದ್ದೆವು. ನಾನು ಕಾಪಾಡಿಕೊಂಡ ಮರ್ಯಾದೆ ಎನ್ನುವುದು ಇರಲೇ ಇಲ್ಲ. ಇಷ್ಟು ಜನ ಸೇರಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಇವಳೊಬ್ಬಳ ಬಾಳು ಹಾಳು ಮಾಡಿ ಸುಖವಾಗಿದ್ದೆವು. ಮಗಳ ಮೇಲೂ ನನಗೆ ಕೋಪ ಬಂತು. ಎರಡನೇ ಬಾಣಂತನ ಹತ್ತಿರ ಬರುವವರೆಗೆ ಅವಳಿಗೂ ಈ ಹೆಂಗಸಿನ ನೆನಪಾಗಿರಲಿಲ್ಲ.

ಅವಳು ಚಿಪ್ಪು ತುಂಬುವುದನ್ನು ನಿಲ್ಲಿಸಿರಲಿಲ್ಲ.

"ಎಲ್ರಿಗೂ ಗೊತ್ತಿತ್ತಾ ಹಂಗಾರೆ" ಎಂದಳು. ಆಮೇಲೆ, "ನಾನು ಬರಾಕಿಲ್ಲ ಕಣಕ್ಕ. ನಿಮ್ಮ ಮಗ್ಳಿಗೆ ಹೇಳಿ, ಒಳ್ಳೇದಾಗ್ಲಿ ಅಂದ್ಲು ಅಂತ."

ಹಾಗಾಗಿ ಮಗಳೂ ಬರಲಿಲ್ಲ. ಎರಡನೆಯದನ್ನು ಕುಣಿಗಲ್ಲಿನಲ್ಲೇ ಹೆತ್ತಳು, ನಾನು ನೆಂಟರ ಹಾಗೆ ಹೋಗಿ ನೋಡಿಕೊಂಡು ಬಂದೆ. ಅದಕ್ಕೆ ನನ್ನ ತಕರಾರಿಲ್ಲ.

ಅವತ್ತು ಗುಬ್ಬಿಯಲ್ಲಿ ನಾನು ಎದ್ದು ನಿಂತ ಮೇಲೆ ಅವಳೇ ಮಾತು ತೆಗೆದಳು.

"ನನ್ನ ಮಗ್ಳು ಹೋದ ವರ್ಷ ಹೆತ್ಲು. ಅವ್ಳ ಅತ್ತೆ ಮನೆಯೋರು ಬಾಣ್ತನಕ್ಕೆ ನನ್ನ ಹತ್ರ ಕಳಿಸ್ಲಿಲ್ಲ. ಸುದ್ದಿ ಅಲ್ಲಿಗೂ ಹೋಗಿತ್ತು. ಅಲ್ಲೇ ಹೋಗಿ ಇದ್ದು ನೀರು ಹಾಕ್ತೀನಿ ಅಂದೆ. ನನ್ನ ಮಗ್ಳೇ, 'ಬ್ಯಾಡ ಕಣವ್ವ, ನೀನು ಕೂಸ್ನ ಮುಟ್ಟಿದ್ರೆ ಅವ್ರು ಏನಾದ್ರೂ ಅಂತಾರೆ' ಅಂದ್ಲು. ಊರೋರ ಕೂಸಿಗೆಲ್ಲ ನೀರು ಹಾಕಿದೋಳು ನಾನು. ನನ್ನ ಮೊಮ್ಮಗೀಗೆ ಒಂದು ಚೊಂಬು ಹುಯ್ಯಲಿಲ್ಲ."

"ನಾನು ಬರ್ತೀನಿ. ಇವತ್ತೇ ಹೋಗೋಣ. ನಿಮ್ಮ ಬೀಗರ ಮುಂದೆ ನಿಂತು ನಾನೇ ಹೇಳ್ತೀನಿ" ಎಂದೆ.

ಅವಳು ಚೀಲದ ಬಾಯಿ ಕಟ್ಟಿ, ಗಂಟನ್ನು ಎರಡು ಸಲ ಎಳೆದು ಬಿಗಿ ಮಾಡಿದಳು.

"ಬುಡಿ ಅಕ್ಕ. ಅದಕ್ಕಾಗ್ಲೇ ವರ್ಷ ತುಂಬ್ತು. ಓಡಾಡ್ತದೆ. ಕಾಲ ಮ್ಯಾಲೆ ಮಲಗಿಸ್ಕೊಂಡು ನೀರು ಹಾಕೋ ವಯಸ್ಸು ದಾಟೋಯ್ತು."